ಕತ್ತರಿಗೆ ರೊಕ್ಕ ಅದ, ಕಸರತ್ತಿಗಿಲ್ಲ!

ನಾನು ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡವನು ಅಂತ ಗೊತ್ತಾದಾಗಿನಿಂದ ನನಗೊಂದು ಹೊಸ ಹುದ್ದೆ ಸಿಕ್ಕಿದೆ. ಗೆಳೆಯರ ಅಕ್ಕನಿಗೋ, ರೂಮ್‌ಮೇಟಿನ ಅಣ್ಣನಿಗೋ, ಊರ ಕಡೆಯ ಯಾವುದೋ ಕಬಡ್ಡಿ ಹುಡುಗನಿಗೋ ಕಾಲು ತಿರುಚಿರುತ್ತೆ. ಎಂಆರ್‌ಐ ರಿಪೋರ್ಟಿನ ಫೋಟೋ ವಾಟ್ಸಾಪಿಗೆ ಬರುತ್ತೆ. ಕೆಳಗೊಂದು ಸಾಲು: "ನೋಡಿ ಹೇಳ್ರಿ ಸರ್, ಆಪರೇಷನ್ ಮಾಡಿಸ್ಬೇಕೋ ಬ್ಯಾಡೋ?" ನಾನೇನ್ ಡಾಕ್ಟರ್ ಏನ್ರಿ? ದಿನಾ ಬೆಳಿಗ್ಗೆ ಎದ್ದು ಜಾವಾ ಕೋಡಿನಲ್ಲಿ ಬಗ್ ಹುಡುಕೋನು! :-)

ಆದರೂ ಈ ವಿಷಯದಲ್ಲಿ ನನಗೊಂದು ಅಭಿಪ್ರಾಯ ಇದೆ. ಅದರ ಜೊತೆ ಸ್ವಲ್ಪ ಸಿಟ್ಟೂ ಇದೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳೋದಕ್ಕಿಂತ ಇಲ್ಲೇ ಬರೆದಿಡೋಣ ಅಂತ ಕೂತೆ. ನನ್ನ ಮಾತು ಇಷ್ಟೇ: "ಆಪರೇಷನ್ ಬೇಕೋ ಬೇಡವೋ" ಅನ್ನೋದು ಅರ್ಧ ಪ್ರಶ್ನೆ. ಇನ್ನರ್ಧ ಪ್ರಶ್ನೆ, "ಆಮೇಲಿನ ಆರು ತಿಂಗಳು ಹ್ಯಾಂಗ?" ಆಪರೇಷನ್ ಒಂದು ದಿನದ ಕೆಲಸ, ಮೊಣಕಾಲು ಮತ್ತೆ ಮೊಣಕಾಲಾಗೋದು ತಿಂಗಳುಗಟ್ಟಲೆ ಕೆಲಸ. ನಮ್ಮ ವಿಮೆ, ಸರ್ಕಾರದ ಕಾರ್ಡು ಎರಡನ್ನೂ ಆ ಒಂದು ದಿನ ನೋಡಿಕೊಂಡು ಹೊಲಿದಿದ್ದಾರೆ. ಉಳಿದ ತಿಂಗಳುಗಳನ್ನು ರೋಗಿಯ ತಲೆಗೆ ಕಟ್ಟಿದ್ದಾರೆ. ಶಹಾಪುರ, ಸುರಪುರದಂಥ ಊರಿನ ರೋಗಿಗೆ ಇದರಿಂದ ಏನಾಗುತ್ತೆ ಅನ್ನೋದೇ ಈ ಬರಹ.

ಮೊದಲು ನನ್ನ ಪ್ರವರ ಚಿಕ್ಕದಾಗಿ. ಊರು ಶಹಾಪುರ, ಅದೇ, ಬೆಟ್ಟದ ಸಾಲಿನಲ್ಲಿ ಬುದ್ಧ ಮಲಗಿದ ಹಾಗೆ ಕಾಣೋ ಊರು. ಇಂಜಿನಿಯರಿಂಗ್ ಓದಿದ್ದು ಕಲಬುರಗಿಯಲ್ಲಿ, ನೌಕರಿ ಬೆಂಗಳೂರಿನಲ್ಲಿ. 2024ರ ಸಂಕ್ರಾಂತಿಗೆ ಊರಿಗೆ ಹೋದಾಗ ವಾಲಿಬಾಲ್ ಆಡ್ತಾ ನೆಗೆದು ಕೆಳಗೆ ಬಂದೆ. ಪಾದ ನೆಲಕ್ಕೆ ನೆಟ್ಟಿತ್ತು, ಮೈ ತಿರುಗಿತು. ಮರುದಿನ ಬೆಳಿಗ್ಗೆ ಮೊಣಕಾಲು ಬದನೆಕಾಯಿ ಥರ ಊದಿತ್ತು. ಆಮೇಲೆ ನಮ್ಮ ಕಡೆ ನಡೆಯೋ ಪೂಜೆಯೆಲ್ಲಾ ನಡೀತು. ಅವ್ವ "ಎಣ್ಣಿ ತಿಕ್ಕಿದ್ರ ಇಳೀತದ" ಅಂದ್ಲು. ಕಾಕಾ "ಬರೆ ಹಾಕಸ್ರಿ" ಅಂದ. ಓಣಿಯ ಹಿರಿಯರೊಬ್ಬರು ಎಲುಬು ಕಟ್ಟೋರ ವಿಳಾಸ ಕೊಟ್ಟರು. ನಾನು ಕಲಬುರಗಿಗೆ ಹೋಗಿ ಎಂಆರ್‌ಐ ಮಾಡಿಸಿದೆ. ಒಳಭಾಗದ ಮೆನಿಸ್ಕಸ್ ಹರಿದಿದೆ, ಪಕ್ಕದ ಮೃದ್ವಸ್ಥಿಗೂ ಸಣ್ಣ ಗಾಯ ಅಂತ ಬಂತು.

ಇದೇನು ಅಂತ ಒಂದು ನಿಮಿಷ ಹೇಳಿಬಿಡ್ತೀನಿ, ಇಲ್ಲಾಂದ್ರೆ ಮುಂದಿನದು ತಲೆಗೆ ಹತ್ತಲ್ಲ. ತೊಡೆ ಎಲುಬಿನ ತುದಿ, ಕಾಲೆಲುಬಿನ ತಲೆ, ಇವೆರಡರ ಮೇಲೂ ಕೆಲವೇ ಮಿಲಿಮೀಟರ್ ದಪ್ಪದ ನುಣುಪಾದ ಪದರ ಇರುತ್ತೆ. ಅದು ಮೃದ್ವಸ್ಥಿ. ಅವೆರಡರ ನಡುವೆ ಇಂಗ್ಲಿಷಿನ 'ಸಿ' ಅಕ್ಷರದ ಆಕಾರದ ಎರಡು ಗಾದಿಗಳಿರುತ್ತವೆ. ಅವು ಮೆನಿಸ್ಕಸ್. ಮೈಭಾರ ಹಂಚೋದು, ಹೊಡೆತ ತಡೆಯೋದು ಇವುಗಳ ಕೆಲಸ. ತೊಂದರೆ ಏನಪ್ಪಾ ಅಂದ್ರೆ, ಮೇಲಿನ ನುಣುಪು ಪದರಕ್ಕೆ ರಕ್ತನಾಳವೇ ಇಲ್ಲ. ಕೈ ಕೊಯ್ದುಕೊಂಡರೆ ರಕ್ತ ಬಂದು, ಹೆಪ್ಪುಗಟ್ಟಿ, ಚರ್ಮ ಕೂಡುತ್ತಲ್ಲ, ಆ ವ್ಯವಸ್ಥೆಯೇ ಅಲ್ಲಿಲ್ಲ. ವಿಲಿಯಂ ಹಂಟರ್ ಎಂಬ ವೈದ್ಯ ಲಂಡನ್ನಿನಲ್ಲಿ 1743ರಲ್ಲೇ, ಮೃದ್ವಸ್ಥಿ ಒಮ್ಮೆ ನಾಶವಾದರೆ ಮತ್ತೆ ಬೆಳೆಯಲ್ಲ ಅಂತ ಬರೆದಿಟ್ಟಿದ್ದ. ಮೆನಿಸ್ಕಸ್ ಗಾದಿಯ ಹೊರ ಅಂಚಿಗೆ ಮಾತ್ರ ರಕ್ತ ಬರುತ್ತೆ, ಅಲ್ಲಿ ಹರಿದರೆ ಹೊಲಿದು ಕೂಡಿಸಬಹುದು. ಒಳ ಅಂಚಿಗೆ ಬರಲ್ಲ, ಅಲ್ಲಿ ಹರಿದದ್ದನ್ನು ಬಹುಪಾಲು ಕತ್ತರಿಸಿ ತೆಗೀತಾರೆ. ಹಾಗೆ ತೆಗೆದಷ್ಟೂ ಎಲುಬಿನ ಮೇಲೆ ಭಾರ ಹೆಚ್ಚಾಗಿ, ಮುಂದೆ ಕೀಲು ಸವೆಯೋ ಸಾಧ್ಯತೆ ಹೆಚ್ಚುತ್ತೆ.

ರಿಪೋರ್ಟ್ ಹಿಡಿದು ಬೆಂಗಳೂರಿನಲ್ಲಿ ಇಬ್ಬರು ಡಾಕ್ಟರ ಹತ್ತಿರ ಹೋದೆ. ಮೊದಲನೆಯವರು ದೊಡ್ಡ ಆಸ್ಪತ್ರೆಯವರು. ಮೂರು ನಿಮಿಷ ರಿಪೋರ್ಟ್ ನೋಡಿದರು, "ಇನ್ಶೂರೆನ್ಸ್ ಇದೆಯಾ?" ಅಂದರು, "ಗುರುವಾರ ಅಡ್ಮಿಟ್ ಆಗಿ" ಅಂದರು. ಕಾಲನ್ನು ಮುಟ್ಟಿಯೂ ನೋಡಲಿಲ್ಲ! ಎರಡನೆಯವರು ಮಂಚದ ಮೇಲೆ ಮಲಗಿಸಿ ಮಡಚಿದರು, ತಿರುಗಿಸಿದರು, ನಡೆಸಿದರು. ಆಮೇಲೆ ಹೇಳಿದರು: "ಕಾಲು ಪೂರ್ತಿ ಚಾಚ್ತಾ ಇದೆ, ಲಾಕ್ ಆಗಿಲ್ಲ. ಹನ್ನೆರಡು ವಾರ ಸರಿಯಾಗಿ ಫಿಸಿಯೋಥೆರಪಿ ಮಾಡಿ. ನಡುವೆ ಕಾಲು ಸಿಕ್ಕಿಹಾಕಿಕೊಂಡು ಚಾಚಲು ಬರದೇ ಹೋದ್ರೆ ಅವತ್ತೇ ಬನ್ನಿ."

ಎರಡು ಡಾಕ್ಟರು, ಎರಡು ಉತ್ತರ. ಇಂಥಾ ಹೊತ್ತಿನಲ್ಲಿ ನಮ್ಮಂಥ ಇಂಜಿನಿಯರುಗಳು ಏನು ಮಾಡ್ತೀವಿ? ಓದ್ತೀವಿ :-) ನಾನು ಓದಿದ್ದನ್ನು ಇಲ್ಲಿ ಹಾಕ್ತೀನಿ, ಯಾಕಂದ್ರೆ ಇದು ಕನ್ನಡದಲ್ಲಿ ಹುಡುಕಿದರೆ ಸುಲಭಕ್ಕೆ ಸಿಗಲ್ಲ.

ದುರ್ಬೀನು ಹಾಕಿ ಮೊಣಕಾಲಿನ ಆಪರೇಷನ್ ಮಾಡೋ ಪದ್ಧತಿ ಜಪಾನಿನದು. ಟೋಕಿಯೋದ ಮಸಾಕಿ ವಾತಾನಬೆ 1962ರಲ್ಲಿ ಮೊದಲ ಬಾರಿಗೆ ಹೀಗೆ ಹರಿದ ಮೆನಿಸ್ಕಸ್ ಚೂರನ್ನು ಕತ್ತರಿಸಿ ತೆಗೆದರು. ಸಣ್ಣ ರಂಧ್ರ, ಮರುದಿನ ಮನೆ. ಹಾಗಾಗಿ ಜಗತ್ತಿನಾದ್ಯಂತ ಇದು ಹಬ್ಬಿತು. ನಲವತ್ತು ವರ್ಷ ಆದ ಮೇಲೆ, 2002ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ಜನರ ಮೇಲೆ ಒಂದು ಪರೀಕ್ಷೆಯ ಫಲಿತಾಂಶ ಬಂತು. ಸವೆದ ಮೊಣಕಾಲಿನ ಕೆಲವರಿಗೆ ನಿಜವಾದ ಆಪರೇಷನ್, ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿದ ಸುಳ್ಳು ಆಪರೇಷನ್! ಎರಡು ವರ್ಷದ ತನಕ ನೋವಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. 2013ರಲ್ಲಿ ಫಿನ್ಲೆಂಡಿನವರು ಇದೇ ಥರ 146 ಜನರ ಮೇಲೆ ಮಾಡಿದರು. ಈ ಸಲ ವಯಸ್ಸಿನಿಂದ ಸವೆದು ಹರಿದ ಮೆನಿಸ್ಕಸ್. ಫಲಿತಾಂಶ ಅದೇ. 2017ರಲ್ಲಿ ಬಿಎಂಜೆ ಪತ್ರಿಕೆಯ ತಜ್ಞರ ತಂಡ, ಸವೆತದ ಮೊಣಕಾಲಿಗೆ ಇಂಥಾ ದುರ್ಬೀನು ಆಪರೇಷನ್ ಹೆಚ್ಚುಕಡಿಮೆ ಯಾರಿಗೂ ಬೇಡ ಅಂತ ಖಡಾಖಂಡಿತ ಹೇಳಿತು.

"ಅದು ವಯಸ್ಸಾದವರಿಗೆ, ನಮಗಲ್ಲ" ಅಂತೀರಾ? ನಾನೂ ಹಾಗೇ ಅಂದುಕೊಂಡೆ. ಆದರೆ 2022ರಲ್ಲಿ ಡೆನ್ಮಾರ್ಕಿನವರು 18ರಿಂದ 40 ವರ್ಷದ 121 ಜನರ ಮೇಲೆ ಮಾಡಿದ ಅಧ್ಯಯನ ಬಂತು. ಅರ್ಧ ಜನರಿಗೆ ಬೇಗ ಆಪರೇಷನ್. ಇನ್ನರ್ಧ ಜನರಿಗೆ ಹನ್ನೆರಡು ವಾರ ವ್ಯಾಯಾಮ, ತಿಳಿವಳಿಕೆ, ಬೇಕಾದರೆ ಆಮೇಲೆ ಆಪರೇಷನ್. ಒಂದು ವರ್ಷದ ನಂತರ ಎರಡೂ ಗುಂಪಿನವರು ಸುಧಾರಿಸಿದ್ದರು, ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ವ್ಯಾಯಾಮದ ಗುಂಪಿನಲ್ಲಿ ಸುಮಾರು ಕಾಲು ಭಾಗ ಜನ ಕೊನೆಗೆ ಆಪರೇಷನ್ ಮಾಡಿಸಿಕೊಂಡರು. ತಿರುಗಿಸಿ ಓದಿ: ಮುಕ್ಕಾಲು ಭಾಗ ಜನಕ್ಕೆ ಆ ವರ್ಷ ಆಪರೇಷನ್ ಬೇಕಾಗಲೇ ಇಲ್ಲ.

ಇನ್ನು ಎಂಆರ್‌ಐ ವಿಷಯ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 50 ದಾಟಿದ ಸಾಮಾನ್ಯ ಜನರ ಮೊಣಕಾಲನ್ನು ಸ್ಕ್ಯಾನ್ ಮಾಡಿ ನೋಡಿದ ಅಧ್ಯಯನ 2008ರಲ್ಲಿ ಬಂತು. ಮೆನಿಸ್ಕಸ್ ಹರಿದಿದ್ದವರಲ್ಲಿ ನೂರಕ್ಕೆ 61 ಜನರಿಗೆ ಹಿಂದಿನ ತಿಂಗಳಲ್ಲಿ ಯಾವ ತೊಂದರೆಯೂ ಆಗಿರಲಿಲ್ಲ! ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಎಂಆರ್‌ಐ ಅಂದರೆ ಲಾಗ್ ಫೈಲ್. ಅದರಲ್ಲಿ ನೂರೆಂಟು ವಾರ್ನಿಂಗ್ ಇರುತ್ತವೆ, ಪ್ರೋಗ್ರಾಂ ತನ್ನ ಪಾಡಿಗೆ ಓಡ್ತಾ ಇರುತ್ತೆ. ವಾರ್ನಿಂಗ್ ನೋಡಿ ಸರ್ವರ್ ಕಿತ್ತು ಹಾಕಲ್ಲ ತಾನೇ?

ಹಾಗಂತ ಇದನ್ನು ಓದಿ "ಆಪರೇಷನ್ ಅಂದ್ರೆನೇ ಮೋಸ" ಅಂತ ಹೊರಡಬೇಡಿ. ಹರಿದ ತುಂಡು ನಡುವೆ ಸಿಕ್ಕಿ ಕಾಲು ಲಾಕ್ ಆದರೆ, ಮೃದ್ವಸ್ಥಿಯ ಚೂರು ಒಡೆದು ಕೀಲಿನೊಳಗೆ ಓಡಾಡುತ್ತಿದ್ದರೆ, ಎಲುಬು ಮುರಿದಿದ್ದರೆ, ಲಿಗಮೆಂಟೂ ಹರಿದು ಕಾಲು ಜೋಲಿ ಹೊಡೆಯುತ್ತಿದ್ದರೆ, ಕಾಯ್ತಾ ಕೂರೋದು ಅಪಾಯ. ಚಿಕ್ಕ ವಯಸ್ಸಿನಲ್ಲಿ ಹೊಲಿಯಲು ಬರುವಂಥ ಹರಿತ ಇದ್ದರೆ ಹೊಲಿದು ಉಳಿಸಿಕೊಳ್ಳೋದೂ ಜಾಣತನವೇ. ಅಧ್ಯಯನಗಳು ಹೇಳೋದು ಇಷ್ಟು: ಬಹಳಷ್ಟು ಜನಕ್ಕೆ ಅವಸರ ಇಲ್ಲ, ಮೊದಲು ಕಸರತ್ತು ಮಾಡಿ ನೋಡಲು ಸಮಯ ಇದೆ.

ನಾನು ಎರಡನೇ ಡಾಕ್ಟರ ದಾರಿ ಹಿಡಿದೆ. ವಾರಕ್ಕೆ ಮೂರು ದಿನ ಫಿಸಿಯೋ, ದಿನಾ ಮನೆಯಲ್ಲಿ ಅರ್ಧ ತಾಸು. ನೋವು ಇಳೀತು, ಊತ ಹೋಯ್ತು. ಆದರೆ ಹತ್ತನೇ ವಾರದಲ್ಲಿ ಆಫೀಸಿನ ಕುರ್ಚಿಯಿಂದ ಎದ್ದರೆ ಕಾಲು ಚಾಚಲೇ ಬರಲಿಲ್ಲ. ಅಲ್ಲಿಗೆ ನಿರ್ಧಾರ ತಾನೇ ಆಯ್ತು. ಮೇ ತಿಂಗಳಲ್ಲಿ ಆಪರೇಷನ್. ಹರಿದದ್ದು ಹೊರ ಅಂಚಿನ ಕಡೆ ಇದ್ದದ್ದರಿಂದ ಕತ್ತರಿಸದೆ ಹೊಲಿದರು, ಪಕ್ಕದ ಗಾಯವನ್ನು ಸವರಿ ಸಮ ಮಾಡಿದರು. ಆ ಹತ್ತು ವಾರ ದಂಡ ಅಂತ ನನಗೆ ಒಂದು ದಿನವೂ ಅನಿಸಿಲ್ಲ. ತೊಡೆಯ ಸ್ನಾಯು ಗಟ್ಟಿಯಾಗಿತ್ತು, ಯಾವ ಕಸರತ್ತು ಯಾಕೆ ಅಂತ ಗೊತ್ತಿತ್ತು, ಮುಖ್ಯವಾಗಿ ಯಾಕೆ ಕೊಯ್ಯುತ್ತಿದ್ದಾರೆ ಅಂತ ಗೊತ್ತಿದ್ದು ಮೇಜಿನ ಮೇಲೆ ಮಲಗಿದ್ದೆ.

ಈಗ ಬಂತು ನೋಡಿ ಅಸಲಿ ಕಥೆ, ಚೇತರಿಕೆ.

ಮೊದಲ ಆರು ವಾರ ಊರುಗೋಲು. ಮೊಣಕಾಲಿಗೆ ಪಟ್ಟಿ, 90 ಡಿಗ್ರಿಗಿಂತ ಜಾಸ್ತಿ ಮಡಚುವ ಹಾಗಿಲ್ಲ. ಕುಕ್ಕರಗಾಲಲ್ಲಿ ಕೂರೋದು ತಿಂಗಳುಗಟ್ಟಲೆ ಬಂದ್. ಚಕ್ಕಳಮಕ್ಕಳ ಬಂದ್. ನೆಲದ ಮೇಲೆ ಊಟ ಬಂದ್. ಟೇಪ್ ಹಿಡಿದು ಅಳೆದರೆ ಒಂದು ತೊಡೆ ಇನ್ನೊಂದಕ್ಕಿಂತ ಮೂರು ಬೆರಳು ಸಣ್ಣ. ಮೂರನೇ ತಿಂಗಳು ನಿಂತಲ್ಲೇ ತುಳಿಯೋ ಸೈಕಲ್, ಆರನೇ ತಿಂಗಳು ನಿಧಾನಕ್ಕೆ ಓಟ, ಒಂಬತ್ತನೇ ತಿಂಗಳು ಮೆಟ್ಟಿಲು ಹತ್ತಿಳಿಯುವಾಗ ಕಾಲಿನ ನೆನಪೇ ಆಗಲಿಲ್ಲ. ಅವತ್ತು ಖುಷಿಗೆ ಎರಡು ಸಲ ಹತ್ತಿ ಇಳಿದೆ.

ಇದನ್ನೆಲ್ಲಾ ಕೇಳಿದವರು "ನಿನ್ನದು ಗಟ್ಟಿ ಮನಸ್ಸಪ್ಪಾ" ಅಂತಾರೆ. ಮನಸ್ಸಿನ ಗಟ್ಟಿತನಕ್ಕಿಂತ ನೌಕರಿಯ ಗಟ್ಟಿತನ ದೊಡ್ಡದು ಅಂತೀನಿ ನಾನು. ಮನೆಯಿಂದಲೇ ಕೆಲಸ ಮಾಡಲು ಕಂಪನಿ ಬಿಡ್ತು, ಸಂಬಳ ನಿಲ್ಲಲಿಲ್ಲ. ಮನೆಯಲ್ಲಿ ಕುರ್ಚಿಯಂಥ ಕಮೋಡ್ ಇತ್ತು. ಅವ್ವ ಎರಡು ತಿಂಗಳು ಬಂದು ಇದ್ದಳು. ಫಿಸಿಯೋ ಕ್ಲಿನಿಕ್ ಆಟೋದಲ್ಲಿ ಹತ್ತು ನಿಮಿಷ. ಇದರಲ್ಲಿ ಒಂದು ತಪ್ಪಿದ್ದರೂ ಲೆಕ್ಕ ಬೇರೆ ಆಗ್ತಿತ್ತು.

ಹೆಂಗೆ ಬೇರೆ ಆಗ್ತಿತ್ತು ಅಂತ ನನಗೆ ಕಣ್ಣಾರೆ ಗೊತ್ತು. ನನ್ನ ಕಾಕಾನ ಮಗ ಸುರಪುರ ತಾಲೂಕಿನ ಒಂದು ಹಳ್ಳಿಯವನು, ನನಗಿಂತ ಎರಡು ವರ್ಷ ಸಣ್ಣವ. ಹತ್ತಿ ಸೀಜನ್ನಿನಲ್ಲಿ ಹಮಾಲಿ, ಭತ್ತದ ಕಾಲಕ್ಕೆ ಕಾಲುವೆ ಕೆಳಗಿನ ಗದ್ದೆ ಕೂಲಿ, ಏನೂ ಇಲ್ಲದಾಗ ಬೆಂಗಳೂರಿಗೋ ಪುಣೆಗೋ ಗುಳೆ. ನನ್ನ ಆಪರೇಷನ್ ಆದ ವರ್ಷವೇ, ಮೂಟೆ ಹೊತ್ತು ಹಲಗೆ ಮೇಲಿಂದ ಇಳಿಯುವಾಗ ಕಾಲು ಜಾರಿ ಮೊಣಕಾಲು ತಿರುಚಿತು. ಎಂಆರ್‌ಐ ನೋಡಿದರೆ ಹೆಚ್ಚುಕಡಿಮೆ ನನ್ನದೇ ಹರಿತ! ಡಾಕ್ಟರು ಹೇಳಿದ್ದೂ ಅದೇ: ಲಾಕ್ ಆಗಿಲ್ಲ, ಮೂರು ತಿಂಗಳು ಕಸರತ್ತು, ಭಾರ ಎತ್ತಬೇಡ, ಕುಕ್ಕರಗಾಲಲ್ಲಿ ಕೂರಬೇಡ.

ಒಳ್ಳೇ ಸಲಹೆ. ಆದರೆ ಮಾಡೋದು ಹ್ಯಾಂಗ? ಅವನ ಊರಿಂದ ಫಿಸಿಯೋ ಇರೋ ಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯ್ತು. ಕೂಲಿ, ಬಸ್ ಚಾರ್ಜು, ಫೀಸು ಮೂರೂ ಕೂಡಿಸಿ ವಾರಕ್ಕೆ ಮೂರು ಸಲ ಅಂತ ಗುಣಿಸಿದರೆ ಅವನ ಮನೆಯ ಸಂತಿ ಖರ್ಚೇ ಅದಕ್ಕೆ ಹೋಗ್ತದೆ. ನಾನು ಫೀಸು ಕೊಡ್ತೀನಿ ಅಂದೆ, ಕೊಟ್ಟೆ. ಕೂಲಿ ಯಾರು ಕೊಡ್ತಾರೆ? ಬಸ್ಸಿನ ಆ ಎತ್ತರದ ಮೆಟ್ಟಿಲು ಯಾರು ಹತ್ತಿಸ್ತಾರೆ? ಐದು ಸಲ ಹೋದ, ಬಿಟ್ಟ. ಭಾರ ಎತ್ತಬೇಡ ಅಂದರೆ ಹಮಾಲಿ ಏನು ಮಾಡಬೇಕು? ಕೂರಬೇಡ ಅಂದರೆ ಕಳೆ ತೆಗೆಯೋದು ಹೇಗೆ, ಬಯಲಿಗೆ ಹೋಗೋದು ಹೇಗೆ? ನಾನು ಮೇಲೆ ಬರೆದ ಅಧ್ಯಯನಗಳೆಲ್ಲಾ ಹ್ಯೂಸ್ಟನ್, ಫಿನ್ಲೆಂಡ್, ಡೆನ್ಮಾರ್ಕಿನವು. ಕುರ್ಚಿ ಮೇಲೆ ಕೂತು ಉಣ್ಣೋ, ಕುರ್ಚಿ ಮೇಲೇ ಕೂತು ಎಲ್ಲಾ ಮಾಡೋ ಜನರವು. ದಿನಕ್ಕೆ ನೂರು ಸಲ ಕೂತು ಏಳುವ ಮೊಣಕಾಲಿಗೆ ಆ ಲೆಕ್ಕವನ್ನು ಹಾಗೇ ತಂದು ಹಚ್ಚೋಕೆ ಬರಲ್ಲ.

ಒಂದಿನ ಫೋನಿನಲ್ಲಿ ಅವನು ಕೇಳಿದ ಮಾತು ನನ್ನ ತಲೆಯಿಂದ ಹೋಗಿಲ್ಲ. "ಅಣ್ಣಾ, ಕೊಯ್ಸಿಕೊಂಡ್ರ ಸರಕಾರ ರೊಕ್ಕ ಕೊಡ್ತದಂತ. ಕೊಯ್ಸಿಕೊಳ್ಳದೇ ಅರಾಮ ಆಗ್ತೀನಿ ಅಂದ್ರ ಯಾರೂ ಕೊಡಂಗಿಲ್ಲ. ಇದ್ಯಾವ ನ್ಯಾಯ?"

ನನ್ನ ಬಳಿ ಉತ್ತರ ಇರಲಿಲ್ಲ, ಯಾಕಂದ್ರೆ ಅವನು ಹೇಳಿದ್ದು ಅಕ್ಷರಶಃ ನಿಜ. ಆಯುಷ್ಮಾನ್ ಭಾರತ್ ಶುರುವಾಗಿದ್ದು 2018ರಲ್ಲಿ. ನಮ್ಮ ರಾಜ್ಯದಲ್ಲಿ ಅದು ಆರೋಗ್ಯ ಕರ್ನಾಟಕದ ಜೊತೆ ಸೇರಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ. ಇದು ಸಣ್ಣ ಮಾತಲ್ಲ, ಎಷ್ಟೋ ಮನೆಗಳು ಇದರಿಂದ ಸಾಲದಿಂದ ಪಾರಾಗಿವೆ, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಯೋಜನೆ ಕಟ್ಟಿರೋದು ಆಸ್ಪತ್ರೆಯ ಹಾಸಿಗೆಯ ಸುತ್ತ. ಕೇಂದ್ರದ ನಿಯಮದ ಪ್ರಕಾರ ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯ ನಂತರದ 15 ದಿನದ ಖರ್ಚು ಪ್ಯಾಕೇಜಿನಲ್ಲಿ ಸೇರುತ್ತೆ. ಹದಿನೈದು ದಿನ! ನನಗೆ ಹದಿನೈದನೇ ದಿನ ಊರುಗೋಲಿಲ್ಲದೆ ಬಚ್ಚಲಿಗೆ ಹೋಗೋಕೂ ಆಗ್ತಿರಲಿಲ್ಲ.

ನಮ್ಮ ಕಾರ್ಪೊರೇಟ್ ವಿಮೆ ಏನು ಭಾರಿ ಅಂತಲ್ಲ. ನನ್ನ ಆಪರೇಷನ್ನಿಗೆ ಪೂರ್ತಿ ಕ್ಯಾಶ್‌ಲೆಸ್, ಆಮೇಲೆ 60 ದಿನದ ಫಿಸಿಯೋ ಕೂಡ ಕೊಟ್ಟರು. ಆದರೆ ಆಪರೇಷನ್ ತಪ್ಪಿಸಿಕೊಳ್ಳಲು ಮಾಡಿದ ಹತ್ತು ವಾರದ ಫಿಸಿಯೋಗೆ? ಒಂದು ಪೈಸೆ ಇಲ್ಲ. ಅದೇ ಕಸರತ್ತು, ಅದೇ ಕ್ಲಿನಿಕ್ಕು. ಕೊಯ್ದ ಮೇಲೆ ಮಾಡಿದರೆ ಚಿಕಿತ್ಸೆ, ಕೊಯ್ಯದೇ ಮಾಡಿದರೆ ನಿನ್ನ ಶೋಕಿ!

ಸ್ವಲ್ಪ ಯೋಚಿಸಿ. ಹರಿದ ಮೊಣಕಾಲಿನ ಮುಂದೆ ಎರಡು ದಾರಿ ಇವೆ. ಒಂದರಲ್ಲಿ ಲಕ್ಷಗಟ್ಟಲೆ ಖರ್ಚು, ರೋಗಿಯ ಜೇಬಿಗೆ ಸೊನ್ನೆ. ಇನ್ನೊಂದರಲ್ಲಿ ಖರ್ಚು ಕೆಲವು ಸಾವಿರ, ಅಷ್ಟೂ ರೋಗಿಯ ಜೇಬಿನಿಂದಲೇ. ಬಡವ ಯಾವ ದಾರಿ ಹಿಡಿತಾನೆ? ಡಾಕ್ಟರು ಕೆಟ್ಟವರಾಗಬೇಕಿಲ್ಲ, ರೋಗಿ ದಡ್ಡನಾಗಬೇಕಿಲ್ಲ. ವ್ಯವಸ್ಥೆಯ ಇಳಿಜಾರೇ ಕತ್ತರಿಯ ಕಡೆಗಿದೆ, ನೀರು ಆ ಕಡೆಗೇ ಹರಿಯುತ್ತೆ. ಕತ್ತರಿ ಮುಗಿದ ಮೇಲೆ ಕಸರತ್ತಿಗೆ ದಿಕ್ಕಿಲ್ಲದೆ ಕಾಲು ಬಿಗಿದುಕೊಂಡು ಕೂತರೆ "ಆಪರೇಷನ್ ಫೇಲ್ ಆಯ್ತು" ಅಂತಾರೆ. ಆಪರೇಷನ್ ಫೇಲ್ ಆಗಿರಲ್ಲ ಸ್ವಾಮಿ, ಆಮೇಲಿನ ಆರು ತಿಂಗಳು ಇರಲೇ ಇಲ್ಲ ಅಷ್ಟೇ.

ದೊಡ್ಡವರ ಉದಾಹರಣೆ ಕೊಟ್ಟು "ನೋಡಿ, ಆಪರೇಷನ್ ಮಾಡಿಸಿಕೊಂಡು ಹೆಂಗೆ ವಾಪಸ್ ಬಂದ್ರು" ಅನ್ನೋದು ಇನ್ನೊಂದು ಚಟ. ರೋಜರ್ ಫೆಡರರ್ 2016ರಲ್ಲಿ ಮೆನಿಸ್ಕಸ್ ಆಪರೇಷನ್ ಮಾಡಿಸಿಕೊಂಡು 2017ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದ, ನಿಜ. ಅದೇ ಫೆಡರರ್ 2020 ಮತ್ತು 2021ರಲ್ಲಿ ಮತ್ತೆ ಮತ್ತೆ ಮೊಣಕಾಲು ಕೊಯ್ಸಿಕೊಂಡು 2022ರಲ್ಲಿ ಆಟ ಬಿಟ್ಟ. ಬೆಂಗಳೂರಿನಲ್ಲಿ ವಿಮಲ್ ಕುಮಾರ್ ಹತ್ತಿರ ತರಬೇತಿ ಪಡೀತಿದ್ದ ಸೈನಾ ನೆಹ್ವಾಲ್ 2016ರ ರಿಯೋ ಒಲಿಂಪಿಕ್ಸ್ ಮುಗಿಸಿ ಮೊಣಕಾಲಿಗೆ ಆಪರೇಷನ್ ಮಾಡಿಸಿಕೊಂಡರು. 2017ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು, 2018ರ ಕಾಮನ್‌ವೆಲ್ತ್‌ನಲ್ಲಿ ಚಿನ್ನ. ಎಂಥಾ ಛಲ! 2024ರಲ್ಲಿ ಅವರೇ ಹೇಳಿಕೊಂಡರು, ಸಂಧಿವಾತ ಬಂದಿದೆ, ಮೃದ್ವಸ್ಥಿ ಹಾಳಾಗಿದೆ ಅಂತ. ಜಗತ್ತಿನ ಒಳ್ಳೆಯ ಡಾಕ್ಟರು, ದಿನಾ ಪಕ್ಕದಲ್ಲೇ ಇರೋ ಫಿಸಿಯೋ, ಇಷ್ಟಿದ್ದವರ ಕಥೆಯೇ ಹೀಗೆ. ಹಂಟರ್ 1743ರಲ್ಲಿ ಹೇಳಿದ್ದು ಇವತ್ತಿಗೂ ಪೂರ್ತಿ ಸುಳ್ಳಾಗಿಲ್ಲ. ಹಾಗಾಗಿ ಮೊಣಕಾಲನ್ನು ರಿಪೇರಿ ಮಾಡೋ ವಸ್ತು ಅಂತ ನೋಡೋದಕ್ಕಿಂತ ಜೀವನಪೂರ್ತಿ ಕಾಯ್ದುಕೊಳ್ಳೋ ಆಸ್ತಿ ಅಂತ ನೋಡಬೇಕು. ನಮ್ಮ ಕಡೆ ಮೈಯೇ ಆಸ್ತಿ ಆಗಿರೋರು ಬಹಳ ಮಂದಿ. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಕಂಬ ಏರೋ ಹುಡುಗರನ್ನ, ಕುಸ್ತಿ ಆಡೋರನ್ನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ನನ್ನ ಬೇಡಿಕೆ. ಯಾದಗಿರಿ, ಶಹಾಪುರ, ಸುರಪುರ, ಈ ಮೂರೂ ತಾಲೂಕುಗಳನ್ನು ನಂಜುಂಡಪ್ಪ ಸಮಿತಿ 2002ರಲ್ಲಿ 'ಅತ್ಯಂತ ಹಿಂದುಳಿದ' ಪಟ್ಟಿಗೆ ಹಾಕಿತ್ತು. 2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆ ಆಯ್ತು. ಸಂವಿಧಾನಕ್ಕೆ 371(ಜೆ) ಬಂತು. ಯಾದಗಿರಿಗೆ ಸರ್ಕಾರಿ ಮೆಡಿಕಲ್ ಕಾಲೇಜೂ ಬಂತು, 2022-23ರಲ್ಲಿ ಪಾಠ ಶುರುವಾಯ್ತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ ಅಂತ ಘೋಷಣೆ ಆಯ್ತು. ಎಲ್ಲಾ ಸಂತೋಷವೇ. ಕಟ್ಟಡ ಬರಲಿ, ಯಂತ್ರ ಬರಲಿ. ಜೊತೆಗೆ ನನಗೆ ಬೇಕಾಗಿರೋದು ಮೂರೇ ಮೂರು.

ಒಂದು, ಕಾರ್ಡಿನಲ್ಲಿ ಮೊಣಕಾಲಿನ ಆಪರೇಷನ್ನಿಗೆ ರೊಕ್ಕ ಕೊಡೋದಾದ್ರೆ ನಂತರದ ಹನ್ನೆರಡು ವಾರದ ಫಿಸಿಯೋ ಕೂಡ ಅದೇ ಪ್ಯಾಕೇಜಿನಲ್ಲಿ ಸೇರಲಿ. ಎರಡು, ಡಾಕ್ಟರು "ಮೊದಲು ಕಸರತ್ತು" ಅಂತ ಬರೆದುಕೊಟ್ಟರೆ ದಾಖಲಾಗದೇ ಇದ್ದರೂ ಅದಕ್ಕೆ ರೊಕ್ಕ ಸಿಗಲಿ. ಹತ್ತು ಜನರಲ್ಲಿ ಏಳು ಜನ ಆಪರೇಷನ್ ಇಲ್ಲದೆ ಎದ್ದು ಓಡಾಡಿದರೆ ಸರ್ಕಾರಕ್ಕೇ ಉಳಿತಾಯ. ಈ ಸರಳ ಲೆಕ್ಕಕ್ಕೆ ಇಂಜಿನಿಯರಿಂಗ್ ಡಿಗ್ರಿ ಬೇಕಿಲ್ಲ. ಮೂರು, ಫಿಸಿಯೋ ಹತ್ತಿರಕ್ಕೆ ಬರಲಿ. ದಿನಾ ಬೇಡ, ಹೋಬಳಿಗೆ ವಾರಕ್ಕೆ ಒಂದು ಗೊತ್ತಾದ ದಿನ ಸಾಕು, ಸಂತೆ ದಿನವೇ ಆದರೆ ಇನ್ನೂ ಒಳ್ಳೇದು. ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿರೋ ಆರೋಗ್ಯಾಧಿಕಾರಿಗೆ ಮೊಣಕಾಲಿನ ನಾಲ್ಕಾರು ಕಸರತ್ತು ಕಲಿಸಿದರೆ ನಡುವಿನ ದಿನಗಳನ್ನು ಅವರು ನೋಡಿಕೊಳ್ತಾರೆ. ಕಾಲು ನೆಟ್ಟಗೆ ಚಾಚಿ ತೊಡೆ ಬಿಗಿ ಹಿಡಿಯೋದಕ್ಕೆ ಯಾವ ಯಂತ್ರವೂ ಬೇಕಾಗಿಲ್ಲ. ಬೇಕಾಗಿರೋದು ಸರಿಯಾಗಿ ಮಾಡ್ತಿದೀಯಾ ಅಂತ ನೋಡೋ ಒಂದು ಜೊತೆ ಕಣ್ಣು.

"ಕೂಲಿಯವನಿಗೆ ಮೂರು ತಿಂಗಳು ಕಸರತ್ತು ಮಾಡೋ ತಾಳ್ಮೆ ಎಲ್ಲಿರುತ್ತೆ, ಒಂದೇ ಸಲ ಕೊಯ್ದು ಕಳಿಸೋದೇ ವಾಸಿ" ಅಂತ ನನ್ನ ಸಹೋದ್ಯೋಗಿಯೊಬ್ಬರು ವಾದ ಮಾಡಿದರು. ಇದು ಮೇಲ್ನೋಟಕ್ಕೆ ಕನಿಕರದ ಮಾತು. ಆದರೆ ಕೊಯ್ದ ಮೇಲೂ ಅದೇ ಮೂರು ತಿಂಗಳ ಕಸರತ್ತು ಮಾಡಲೇಬೇಕಲ್ಲ? ಹೊಲಿಗೆ ಹಾಕಿದ್ದರೆ ಆರು ವಾರ ದುಡಿಯೋಕೂ ಆಗಲ್ಲ. ಕಸರತ್ತನ್ನು ತಪ್ಪಿಸೋ ಆಪರೇಷನ್ ಇನ್ನೂ ಯಾರೂ ಕಂಡುಹಿಡಿದಿಲ್ಲ. ತಾಳ್ಮೆಯ ಮಾತು ಬಿಡಿ, ಸುಡು ಬಿಸಿಲಲ್ಲಿ ಹತ್ತಿ ಬಿಡಿಸೋರಿಗೆ ತಾಳ್ಮೆ ಕಲಿಸೋಕೆ ನಾವ್ಯಾರು? ಅವರಿಗಿಲ್ಲದ್ದು ಕೂಲಿ ಬಿಟ್ಟು ಬಸ್ ಹತ್ತೋ ಅನುಕೂಲ.

ಸರ್ಕಾರ ಮಾಡೋ ತನಕ ಕಾಲು ಕಾಯಲ್ಲ. ಹಾಗಾಗಿ ನನ್ನ ವಾಟ್ಸಾಪಿಗೆ ರಿಪೋರ್ಟ್ ಕಳಿಸೋರಿಗೆಲ್ಲಾ ನಾನು ತಿರುಗಿ ಕಳಿಸೋ ಪ್ರಶ್ನೆಗಳು ಇಲ್ಲಿವೆ. ಇವನ್ನು ಚೀಟಿಯಲ್ಲಿ ಬರೆದುಕೊಂಡು ಡಾಕ್ಟರ ಮುಂದೆ ಕೂತು ಕೇಳಿ. ಒಳ್ಳೇ ಡಾಕ್ಟರು ಸಿಟ್ಟಾಗಲ್ಲ.

1. ನನ್ನ ಕಾಲು ಲಾಕ್ ಆಗ್ತಿದೆಯಾ, ಬರೀ ನೋಯ್ತಿದೆಯಾ? ಈಗಲೇ ಕೊಯ್ಯದಿದ್ದರೆ ಕೆಡುವಂಥದ್ದು ಏನಿದೆ?
2. ಹರಿದಿರೋದು ರಕ್ತ ಬರೋ ಅಂಚಿನಲ್ಲೋ, ಒಳಗೋ? ಹೊಲೀತೀರೋ, ಕತ್ತರಿಸಿ ತೆಗೀತೀರೋ?
3. ಮೃದ್ವಸ್ಥಿಯ ಗಾಯ ಎಷ್ಟು ದೊಡ್ಡದು, ಭಾರ ಬೀಳೋ ಜಾಗದಲ್ಲಿದೆಯಾ?
4. ಹನ್ನೆರಡು ವಾರ ಕಸರತ್ತು ಮಾಡಿ ನೋಡಿದರೆ ನಷ್ಟ ಏನು?
5. ಆಪರೇಷನ್ ಆದ ಮೇಲೆ ಎಷ್ಟು ದಿನ ಊರುಗೋಲು? ಎಷ್ಟು ತಿಂಗಳು ಕುಕ್ಕರಗಾಲಲ್ಲಿ ಕೂರಬಾರದು? ನನ್ನ ಕೆಲಸ ಇಂಥದ್ದು, ಯಾವಾಗ ವಾಪಸ್ ಹೋಗಬಹುದು?
6. ಫಿಸಿಯೋ ನನ್ನ ಊರಿಗೆ ಹತ್ತಿರ ಎಲ್ಲಿ ಸಿಗ್ತಾರೆ? ಮನೆಯಲ್ಲೇ ಮಾಡೋದಾದ್ರೆ ಯಾರು ತೋರಿಸಿಕೊಡ್ತಾರೆ?

ಐದು, ಆರನೇ ಪ್ರಶ್ನೆಗೆ ಉತ್ತರ ಸಿಗದೇ ದಯವಿಟ್ಟು ತಾರೀಖು ಗೊತ್ತು ಮಾಡಬೇಡಿ. ತುರ್ತು ಇಲ್ಲದಿದ್ದರೆ ಒಂದು ವಾರ ತಡ ಮಾಡಿ, ಮನೆಯಲ್ಲಿ ಯಾರಿರ್ತಾರೆ, ಪಾಯಖಾನೆಗೆ ಕುರ್ಚಿ ಎಲ್ಲಿಂದ ತರೋದು, ದುಡಿಮೆ ನಿಂತರೆ ಮನೆ ಹೇಗೆ ನಡೀತದೆ ಅನ್ನೋದನ್ನೂ ಕೂತು ಬರೆದುಕೊಳ್ಳಿ. ಅದೂ ಚಿಕಿತ್ಸೆಯ ಭಾಗವೇ.

ಕಾಕಾನ ಮಗ ಈಗ ಹಮಾಲಿ ಬಿಟ್ಟು ಊರಲ್ಲೇ ಒಂದು ಅಂಗಡಿಯಲ್ಲಿ ನಿಂತಿದ್ದಾನೆ. ಕೂಲಿ ಅರ್ಧ. ಇಳಿಜಾರಲ್ಲಿ ಇಳಿಯುವಾಗ ಇವತ್ತಿಗೂ ಕುಂಟ್ತಾನೆ. ರಾತ್ರಿ ವೀಡಿಯೋ ಕಾಲ್ ಮಾಡಿ, ಫಿಸಿಯೋ ಐದು ಸಲದಲ್ಲಿ ಕಲಿಸಿದ ಕಸರತ್ತನ್ನೇ ಮಾಡ್ತಾನೆ, ನಾನು ಎಣಿಸ್ತೀನಿ. ಕೆಲವು ದಿನ ದಣಿದು ಮಲಗಿಬಿಡ್ತಾನೆ.

ಬ್ಲಾಗ್ ಗೆಳೆಯರೇ, ನಿಮ್ಮಿಂದ ಎರಡು ಸಹಾಯ ಬೇಕು. ಫಿಸಿಯೋಥೆರಪಿ ಓದಿದವರು, ಓದ್ತಾ ಇರೋರು ಯಾರಾದರೂ ಇದನ್ನು ಓದ್ತಿದ್ದರೆ ಮೊಣಕಾಲಿನ ಕಸರತ್ತನ್ನು ಚಿತ್ರದ ಜೊತೆ ಕನ್ನಡದಲ್ಲಿ ಬರೀರಿ. ಕುಕ್ಕರಗಾಲಲ್ಲಿ ಕೂತು ದುಡಿಯೋರನ್ನು ತಲೆಯಲ್ಲಿಟ್ಟುಕೊಂಡು ಬರೀರಿ. ನಮ್ಮ ಕಡೆಯ ಮಾತಿನಲ್ಲಿ ಬೇಕಾದರೆ ನಾನು ತಿದ್ದಿಕೊಡ್ತೀನಿ. ಇನ್ನುಳಿದವರು ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ತಾಲೂಕು ಆಸ್ಪತ್ರೆಗೆ ಹೋಗಿ, ಫಿಸಿಯೋ ಯಾವ ಯಾವ ದಿನ ಸಿಗ್ತಾರೆ ಅಂತ ಕೇಳಿಕೊಂಡು ಬಂದು ಕೆಳಗೆ ಊರ ಹೆಸರಿನ ಜೊತೆ ಬರೀರಿ. ಶಹಾಪುರ, ಸುರಪುರ, ಯಾದಗಿರಿಯದ್ದು ಈ ಹಬ್ಬಕ್ಕೆ ಹೋದಾಗ ನಾನೇ ಕೇಳಿಕೊಂಡು ಬಂದು ಸೇರಿಸ್ತೀನಿ.